ಪೂರ್ತಿ ಒಂದು ನಿಮಿಷ

ಸತ್ಯನಾರಾಯಣಪೇಟೆ, ಬಳ್ಳಾರಿ
6 ಆಗಸ್ಟ್ 2023, ಭಾನುವಾರ

ಶಬ್ಬೂ,

ನಿನ್ನೆ ಫೋನಿನಲ್ಲಿ "ಎಲ್ಲಾ ಆರಾಮ ಐತಿ ಬಿಡಮ್ಮಾ" ಅಂದೆಯಲ್ಲ, ಅದಕ್ಕೇ ಈ ಕಾಗದ. ಫೋನಿನಲ್ಲಿ ನೀನು ಕಣ್ಣು ಮಿಟುಕಿಸುವಷ್ಟರಲ್ಲಿ ಸುಳ್ಳು ಹೇಳಿ ಮುಗಿಸುತ್ತೀ. ಕಾಗದದಲ್ಲಿ ಹಾಗಾಗುವುದಿಲ್ಲ. ಪೆನ್ನು ತಡವರಿಸುತ್ತದೆ, ಅದು ನನಗೆ ಕಾಣುತ್ತದೆ. ನೀನು ಹಾಸ್ಟೆಲಿನಲ್ಲಿದ್ದಾಗ ಮಾಡಿಕೊಂಡ ಕರಾರು ಸಿರುಗುಪ್ಪದ ನರ್ಸಿಂಗ್ ಹೋಮಿನಲ್ಲಿ ಕೆಲಸ ಸಿಕ್ಕಿತೆಂದು ಮುರಿಯುವ ಹಾಗಿಲ್ಲ. ಭಾನುವಾರ ನನ್ನ ಡಬ್ಬಿ, ಮುಚ್ಚಳದ ಕೆಳಗೆ ನನ್ನ ಕಾಗದ. ಡಬ್ಬಿ ವಾಪಸ್ ಬರುವಾಗ ಅದರಲ್ಲಿ ನಿನ್ನ ಕಾಗದ. ಸಿರುಗುಪ್ಪ ಬಸ್ಸಿನ ಕಂಡಕ್ಟರ್ ಎರ್ರಣ್ಣ ಇವತ್ತು ನಗುತ್ತಿದ್ದ. "ಮೇಡಮ್ಮೋರ, ನಿಮ್ಮ ಡಬ್ಬಿಗೂ ಒಂದ್ ಟಿಕೆಟ್ ಹರೀಲೇನ್ರಿ?" ಅಂದ.

ಈ ವಾರ ನರ್ಸಿಂಗ್ ಕಾಲೇಜಿಗೆ ಹೊಸ ಬ್ಯಾಚ್ ಬಂತು. ಐವತ್ತು ಮಕ್ಕಳು, ಅದರಲ್ಲಿ ಏಳು ಗಂಡುಹುಡುಗರು. ಮೊದಲ ಪಾಠ ಪ್ರತಿವರ್ಷದ್ದೇ. ನಿನ್ನ ಅಬ್ಬಾನ ಆಸ್ಪತ್ರೆ ಹಾಳೆ ತೋರಿಸಿದೆ. ನೀನು ಮುಖ ಗಂಟಿಕ್ಕಿಕೊಂಡಿರುತ್ತೀ, ಗೊತ್ತು. ಎಂಟನೇ ಕ್ಲಾಸಿನಿಂದ "ಅಬ್ಬಾನ್ನ ಪಾಠ ಮಾಡಬ್ಯಾಡಮ್ಮಾ" ಎನ್ನುತ್ತಿದ್ದೀ. ಮತ್ತೆ ಏನು ಮಾಡಲಿ? ದಮ್ಮು ಕಟ್ಟಿ ಆಸ್ಪತ್ರೆ ಸೇರಿದ ಮನುಷ್ಯ. ಮಧ್ಯಾಹ್ನ ಹನ್ನೆರಡರಿಂದ ಸಂಜೆ ಐದರವರೆಗೆ ಗಂಟೆಗೊಮ್ಮೆ ಉಸಿರು ಎಣಿಸಿ ಬರೆಯಬೇಕಿತ್ತು. ಆರೂ ಸಾಲಿನಲ್ಲಿ ಹದಿನೆಂಟು, ಹದಿನೆಂಟು, ಹದಿನೆಂಟು. ನಿನ್ನ ಅಬ್ಬಾ ಲಾಲಸಾಬ್ ನಾಲ್ಕಕ್ಕೇ ತೀರಿಹೋಗಿದ್ದರು. ಐದು ಗಂಟೆಗೂ ಹದಿನೆಂಟು! ನಾನು ಆಗ ಬೇರೆ ಆಸ್ಪತ್ರೆಯಲ್ಲಿ ಬೇರೆಯವರ ಗಂಡಂದಿರ ಉಸಿರು ಎಣಿಸುತ್ತಾ ಡ್ಯೂಟಿಯಲ್ಲಿದ್ದೆ. ನಿನಗೆ ಮೂರು ವರ್ಷ. ಆ ಹಾಳೆಯ ನಕಲು ಬೇಡಿ ತಂದೆ, ಪಾಠ ಹೇಳುವ ಕೆಲಸಕ್ಕೆ ಸೇರಿದೆ.

ಮಕ್ಕಳಿಗೆ ಹೇಳಿದೆ: ಕೈ ನಾಡಿಯ ಮೇಲಿರಲಿ, ಕಣ್ಣು ಎದೆಯ ಮೇಲಿರಲಿ. ಉಸಿರು ಎಣಿಸುತ್ತಿದ್ದೀರೆಂದು ರೋಗಿಗೆ ಗೊತ್ತಾದರೆ ಅವರ ಉಸಿರೇ ಬದಲಾಗುತ್ತದೆ. ನಾಡಿ ನೋಡುವವರ ಹಾಗೆ ನಟಿಸಿ, ಪೂರ್ತಿ ಒಂದು ನಿಮಿಷ ಎಣಿಸಿ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವವರು ತರಕಾರಿ ಅಂಗಡಿ ಇಡಬಹುದು.

ರೊಟ್ಟಿ ಎಂಟು ಇದ್ದಾವೆ. ಮೇಲಿನವು ಮೆತ್ತಗಿವೆ, ಮೊದಲು ಅವನ್ನು ತಿನ್ನು.

ನಿನ್ನ ಅಮ್ಮ,
ಹಮೀದಾಬಿ


ಸಿರುಗುಪ್ಪ
13 ಆಗಸ್ಟ್ 2023

ಅಮ್ಮಾ, ಅಸ್ಸಲಾಮು ಅಲೈಕುಂ.

ರೊಟ್ಟಿ ಮೂರೇ ದಿನಕ್ಕೆ ಮುಗಿದವು. ಅರ್ಧ ಹುಲಿಗೇಶಣ್ಣ ತಿಂದ. ನೆನಪಿದ್ದಾನಲ್ಲ, ಕುರುಗೋಡಿನವನು, ನಿನ್ನ ಆರು ವರ್ಷದ ಹಿಂದಿನ ಬ್ಯಾಚಿನವನು. ಮಧ್ಯಾಹ್ನ ಎರಡರಿಂದ ರಾತ್ರಿ ಎಂಟರವರೆಗೆ ನನ್ನ ಡ್ಯೂಟಿ, ಎಂಟಕ್ಕೆ ಅವನು ಬರುತ್ತಾನೆ. ದೊಡ್ಡ ಡಾಕ್ಟರು ಎಷ್ಟು ಕೂಗಾಡಿದರೂ ನಗುತ್ತಾನೆ. "ಹಮೀದಾ ಮೇಡಂ ಕೈಯಾಗ ಬೈಸಿಕೊಂಡಾವ ನಾನು, ಇವರದೇನ್ ಬಿಡವಾ" ಎನ್ನುತ್ತಾನೆ.

ಕೆಲಸ ಚೆನ್ನಾಗಿದೆ. ರೈಸ್ ಮಿಲ್ಲಿನ ಹಿಂದಿನ ರೂಮಿನಲ್ಲಿ ತೌಡಿನ ಧೂಳು ಬಿಟ್ಟರೆ ಬೇರೆ ತೊಂದರೆ ಇಲ್ಲ. ಒಂದೇ ಮಾತು. ಪೂರ್ತಿ ಒಂದು ನಿಮಿಷ ಎಣಿಸು ಎನ್ನುತ್ತೀ. ಎರಡು ವಾರ್ಡಿಗೆ ನಾನೊಬ್ಬಳೇ, ಇಪ್ಪತ್ತೆಂಟು ರೋಗಿಗಳು. ಇಪ್ಪತ್ತೆಂಟು ನಿಮಿಷ ಎಲ್ಲಿಂದ ತರಬೇಕೆಂದು ನಿನ್ನ ಪುಸ್ತಕದಲ್ಲಿಲ್ಲ. ನಗಬೇಡ, ನಿಜವಾಗಿ ಕೇಳುತ್ತಿದ್ದೇನೆ.

ಅಬ್ಬಾನ ಹಾಳೆಯ ವಿಷಯ ನಾನು ಏನೂ ಹೇಳುವುದಿಲ್ಲ.

ಶಬನಂ


ಸತ್ಯನಾರಾಯಣಪೇಟೆ
27 ಆಗಸ್ಟ್ 2023

ಶಬ್ಬೂ,

ಹೋದ ವಾರ ಡಬ್ಬಿ ಖಾಲಿ ಬಂತು. ಕಾಗದವಿರಲಿ, ಅಡಿಕೆಯಷ್ಟು ಚೀಟಿಯೂ ಇಲ್ಲ. ಫೋನು ಮಾಡಿದರೆ "ಡ್ಯೂಟ್ಯಾಗ ಅದೀನಿ" ಎಂದು ಇಡುತ್ತೀ.

ಗುರುವಾರ ಎರಡನೇ ವರ್ಷದ ಮಕ್ಕಳನ್ನು ಇಲ್ಲಿಯ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಉಸಿರಾಟದ ಯಂತ್ರ ಹಾಕಿ ಒಬ್ಬ ಹೆಣ್ಣುಮಗಳನ್ನು ಮಲಗಿಸಿದ್ದರು. ಸುನಂದಾ, ಸಿರಿಗೇರಿಯವಳು, ಇಪ್ಪತ್ತಾರು ವರ್ಷ. ಮಂಗಳವಾರ ಗದ್ದೆಯಲ್ಲಿ ಕಳೆ ಕೀಳುವಾಗ ನಾಗರಹಾವು ಕಚ್ಚಿತಂತೆ. ನಿಮ್ಮ ನರ್ಸಿಂಗ್ ಹೋಮಿನಿಂದಲೇ ಬಂದವಳು. ಅವಳ ಅತ್ತೆ ಚನ್ನವೀರಮ್ಮ ಹೊರಗೆ ಒಂದೂವರೆ ವರ್ಷದ ಕೂಸನ್ನು ಎತ್ತಿಕೊಂಡು ಕೂತಿದ್ದರು. "ಮಧ್ಯಾಹ್ನ ಚಲೋ ಮಾತಾಡಿದ್ಲರಿ. ಕೂಸಿಗಿ ಬಿಸ್ಕೀಟ್ ಕೊಡ್ಸತ್ತಿ ಅಂದ್ಲು. ನಾ ಕೂಸಿನ್ನ ಮನಿಗಿ ಬಿಟ್ಟು ಬರೂದ್ರಾಗ ಹೆಣದಂಗ ಆಗಿದ್ಲು ನೋಡ್ರಿ" ಎಂದರು. ಅವರ ಬೆನ್ನು ಸವರಿ ಬಂದೆ.

ನಿಮ್ಮಲ್ಲಿಂದ ಅವಳ ಜೊತೆಗೆ ಬಂದ ಟೈಪ್ ಮಾಡಿದ ಪತ್ರ ಓದಿದೆ. ಏಳು ಗಂಟೆಗೆ ಉಸಿರು, ಕಣ್ಣಿನ ರೆಪ್ಪೆ ಎಲ್ಲಾ ಸರಿ. ಎಂಟಕ್ಕೆ ಡ್ಯೂಟಿ ಬದಲು. ಎಂಟು ಇಪ್ಪತ್ತಕ್ಕೆ ಹುಲಿಗೇಶ್ ನೋಡಿದಾಗ ರೆಪ್ಪೆ ಬಿದ್ದು, ತುಟಿ ನೀಲಿ. ಹಾಗಾದರೆ ಬಂದವನು ಇಪ್ಪತ್ತು ನಿಮಿಷ ಏನು ಮಾಡುತ್ತಿದ್ದ? ನಾಗರ ಕಚ್ಚಿದವರ ರೆಪ್ಪೆ ಜೋತುಬಿದ್ದರೆ ವಿಷ ಉಸಿರಿಗೆ ಏರುತ್ತಿದೆ ಎಂದರ್ಥ, ಅವರನ್ನೇ ಮೊದಲು ನೋಡಬೇಕೆಂದು ಅವನಿಗೆ ಕಲಿಸಿದವಳು ನಾನೇ.

ಎಂಟರವರೆಗೆ ನಿನ್ನದೇ ಡ್ಯೂಟಿ ಇರಬೇಕಲ್ಲ. ಏಳು ಗಂಟೆಗೆ ಅವಳನ್ನು ನೋಡಿದೆಯಾ? ಒಂದು ಸಾಲು ಬರೆ, ಸಾಕು. ಊಟದ ವಿಚಾರ ಆಮೇಲೆ ಬೈಯುತ್ತೇನೆ.

ಅಮ್ಮ


ಸಿರುಗುಪ್ಪ
30 ಆಗಸ್ಟ್ 2023

ಅಮ್ಮಾ,

ಹೌದು, ನನ್ನದೇ ಡ್ಯೂಟಿ. ಏಳಕ್ಕೆ ಬರೆದಿದ್ದೇನೆ. ಉಸಿರು ಹದಿನೆಂಟು, ರೆಪ್ಪೆ ಸರಿ. ಹಾಳೆಯಲ್ಲಿದೆ.

ಹುಲಿಗೇಶಣ್ಣನನ್ನು ಕೆಲಸಕ್ಕೆ ಬರಬೇಡ ಎಂದಿದ್ದಾರೆ. ಇಲ್ಲಿ ಯಾರೂ ಆ ವಿಷಯ ಎತ್ತುವುದಿಲ್ಲ. ಸುನಂದಾ ಹೇಗಿದ್ದಾಳೆ? ಯಂತ್ರ ತೆಗೆದರಾ? ಏನಾದರೂ ಮಾತಾಡಿದಳಾ? ಕೂಸು ಯಾರ ಹತ್ತಿರ ಇದೆ? ಭಾನುವಾರದವರೆಗೆ ಕಾಯಬೇಡ, ಎರ್ರಣ್ಣನ ಕೈಯಲ್ಲಿ ನಾಳೆಯೇ ಬರೆದು ಕಳಿಸು.

ಶಬನಂ


ಸತ್ಯನಾರಾಯಣಪೇಟೆ
10 ಸೆಪ್ಟೆಂಬರ್ 2023

ನನ್ನ ಕಂದಾ,

ನಿನ್ನ ಕಾಗದ ಓದಿ ಎದೆಯ ಮೇಲಿನ ಕಲ್ಲು ಇಳಿಯಿತು. ಅಲ್ಲಿಯವರೆಗೆ ಏನೇನೋ ಯೋಚನೆ ಬಂದಿತ್ತು, ತಾಯಿ ಬುದ್ಧಿ. ನನ್ನ ಮಗಳು ಏಳಕ್ಕೆ ನೋಡಿದ್ದಾಳೆ, ಬರೆದಿದ್ದಾಳೆ ಎಂದು ಗೊತ್ತಾದ ಮೇಲೆ ನೆಮ್ಮದಿಯಿಂದ ಉಂಡೆ.

ಸುನಂದಾಗೆ ಯಂತ್ರ ತೆಗೆದಿದ್ದಾರೆ. ಕಣ್ಣು ಬಿಡುತ್ತಾಳೆ. ಆದರೆ ಮೆದುಳಿಗೆ ಗಾಳಿ ಸಾಲದೆ ಹೋದದ್ದು ಕಾಣುತ್ತಿದೆ. ಎಡಗೈ ಏಳುವುದಿಲ್ಲ, ನುಂಗಲು ಬರುವುದಿಲ್ಲ. ಮೊನ್ನೆ ಕೂಸನ್ನು ಪಕ್ಕದಲ್ಲಿ ಕೂರಿಸಿದರು. ಬೇರೆಯವರ ಮನೆಯ ಕೂಸನ್ನು ನೋಡುವ ಹಾಗೆ ನೋಡಿದಳು.

ನಿಮ್ಮ ದೊಡ್ಡ ಡಾಕ್ಟರು ಫೋನು ಮಾಡಿದ್ದರು. ಮನೆಯವರು ದೂರು ಕೊಟ್ಟಿದ್ದಾರಂತೆ, ನರ್ಸಿಂಗ್ ಕಲಿಸುವ ಹಿರಿಯರದೊಂದು ಅಭಿಪ್ರಾಯ ಬೇಕಂತೆ. ಬರೆದುಕೊಟ್ಟೆ. ಏಳು ಗಂಟೆಯವರೆಗೆ ರೋಗಿ ಸರಿಯಿದ್ದು, ಡ್ಯೂಟಿ ವಹಿಸಿಕೊಂಡವರು ಇಪ್ಪತ್ತು ನಿಮಿಷ ತಡ ಮಾಡಿದ್ದೇ ಲೋಪ ಎಂದು ಬರೆದೆ. ಹುಲಿಗೇಶ್ ನನ್ನ ಶಿಷ್ಯನಾದರೇನು? ನಿನ್ನ ಅಬ್ಬಾನ ಹಾಳೆ ಬರೆದವಳಿಗೆ ಅಂದು ಯಾರೂ ಏನೂ ಅನ್ನಲಿಲ್ಲ. ಇಂದು ನಾನಾದರೂ ಅನ್ನಬೇಕಲ್ಲವೇ?

ಅವನನ್ನು ಕೆಲಸದಿಂದ ತೆಗೆದರೆಂದು ಕೇಳಿದೆ. ಬೇಜಾರಾಯಿತು. ಆದರೆ ಸರಿಯಾಯಿತು.

ಅಮ್ಮ


ಸಿರುಗುಪ್ಪ
17 ಸೆಪ್ಟೆಂಬರ್ 2023

ಅಮ್ಮಾ,

ಯಾಕೆ ಬರೆದುಕೊಟ್ಟೆ? ಯಾರು ಕೇಳಿದರೂ ಬರೆದುಬಿಡುವುದೇ? ನಾನು ಕೆಲಸ ಮಾಡುವ ಜಾಗದ ವಿಷಯದಲ್ಲಿ ನೀನು ಅಭಿಪ್ರಾಯ ಕೊಡಬಹುದೇ ಎಂದು ಒಮ್ಮೆಯೂ ಅನ್ನಿಸಲಿಲ್ಲವೇ?

ಅದನ್ನು ವಾಪಸ್ ತೆಗೆದುಕೋ. ಕಾರಣ ಕೇಳಬೇಡ. ಅಂದು ಅವನು ಕಾಲ ಕಳೆಯುತ್ತಾ ಕೂತಿರಲಿಲ್ಲ. ಬಂದವನೇ ಕೈ ಜಜ್ಜಿಹೋದ ಹಮಾಲಿಗೆ ರಕ್ತ ಏರಿಸುತ್ತಿದ್ದ. "ಸುನಂದಾಂದು ಎಲ್ಲಾ ಸರಿ ಐತೇನವಾ?" ಎಂದು ಕೇಳಿದ. ನಾನು ಸರಿ ಇದೆ ಎಂದೆ. ಅದಕ್ಕೇ ಮೊದಲು ಅಲ್ಲಿಗೆ ಹೋಗಲಿಲ್ಲ.

ಒಂದು ಮಾತು ನೀನೇ ಹೇಳು, ಪಾಠ ಮಾಡುವವಳು. ನಾಗರ ವಿಷ ಇಪ್ಪತ್ತೇ ನಿಮಿಷದಲ್ಲಿ ಅಷ್ಟೆಲ್ಲ ಮಾಡುತ್ತದೆಯೇ?

ಡಬ್ಬಿ ಕಳಿಸಬೇಡ. ಹೊಟ್ಟೆ ಸರಿ ಇಲ್ಲ.

ಶಬನಂ


ಸತ್ಯನಾರಾಯಣಪೇಟೆ
19 ಸೆಪ್ಟೆಂಬರ್ 2023

ಶಬ್ಬೂ,

ಎರಡು ದಿನದಿಂದ ನಿನ್ನ ಕಾಗದವನ್ನು ಹತ್ತು ಸಲ ಓದಿದೆ. ಸುತ್ತಿ ಬಳಸಿ ಕೇಳುವುದಿಲ್ಲ. ನಿನಗೂ ಹುಲಿಗೇಶನಿಗೂ ನಡುವೆ ಏನಾದರೂ ಇದೆಯಾ?

ಇದ್ದರೆ ಇದೆ ಎನ್ನು. ಕುರುಗೋಡಿನ ನಿನ್ನ ಅಬ್ಬಾನ ಮನೆಯವರು ಏನೆನ್ನುತ್ತಾರೋ, ಅವನ ಮನೆಯವರು ಏನೆನ್ನುತ್ತಾರೋ, ಅದನ್ನೆಲ್ಲ ನಾನು ನೋಡಿಕೊಳ್ಳುತ್ತೇನೆ. ಆದರೆ ಅವನ ಮೇಲಿನ ಮಮತೆಗೆ ಅವನ ತಪ್ಪನ್ನು ಮುಚ್ಚಬೇಡ. ನೀನು ಅಂಥವಳಲ್ಲ.

ಅಮ್ಮ


ಸಿರುಗುಪ್ಪ
20 ಸೆಪ್ಟೆಂಬರ್ 2023

ಅಮ್ಮಾ,

ಅಂಥದ್ದೇನೂ ಇಲ್ಲ. ಅವನು ನನಗೆ ಅಣ್ಣ. ಇಷ್ಟು ವರ್ಷ ನನ್ನ ಉಸಿರು ಎಣಿಸಿದವಳು, ಈಗಲೇ ನಿನಗೆ ಲೆಕ್ಕ ತಪ್ಪಬೇಕೇ?

ಶಬನಂ


24 ಸೆಪ್ಟೆಂಬರ್ 2023

ರೊಟ್ಟಿ. ಪುಂಡಿಪಲ್ಯ. ಶೇಂಗಾ ಚಟ್ನಿ. ಉಣ್ಣು.


ಸಿರುಗುಪ್ಪ
1 ಅಕ್ಟೋಬರ್ 2023

ಅಮ್ಮಾ,

ಹೋದ ವಾರ ಬರೀ ಚೀಟಿ, ಈ ವಾರ ಚೀಟಿಯೂ ಇಲ್ಲ. ಸಹಿಯೂ ಹಾಕಿರಲಿಲ್ಲ. ನಿನಗೆ ಹುಷಾರಿದೆಯೇ? ಎರ್ರಣ್ಣ ಹೇಳಿದ, "ಮೇಡಮ್ಮೋರು ಡಬ್ಬಿ ಕೊಟ್ಟು ಮಾತಾಡ್ಲಾರ್ದ ಹ್ವಾದ್ರು, ಸೊರಗ್ಯಾರ" ಅಂತ. ನನ್ನ ಮೇಲೆ ಸಿಟ್ಟೇ? ಇದ್ದರೆ ಬೈದು ಬರೆ. ಸುಮ್ಮನೆ ಇರಬೇಡ, ನನಗೆ ಭಯವಾಗುತ್ತದೆ.

ಶಬನಂ


ಸತ್ಯನಾರಾಯಣಪೇಟೆ
8 ಅಕ್ಟೋಬರ್ 2023

ಶಬನಂ,

ಸೆಪ್ಟೆಂಬರ್ ಇಪ್ಪತ್ತೊಂದರ ಸಂಜೆ ಹುಲಿಗೇಶ್ ಮನೆಗೆ ಬಂದಿದ್ದ. ಒಳಗೆ ಕರೆಯಲಿಲ್ಲ, ಬಾಗಿಲಲ್ಲೇ ನಿಲ್ಲಿಸಿ ಬೈದೆ. ಎಲ್ಲಾ ಬೈಸಿಕೊಂಡು ಮೊಬೈಲು ಮುಂದೆ ಹಿಡಿದ. ಸುನಂದಾಳನ್ನು ಬಳ್ಳಾರಿಗೆ ಸಾಗಿಸುವ ಮೊದಲು ಅವನು ಅಸಲು ಹಾಳೆಯ ಫೋಟೋ ತೆಗೆದಿಟ್ಟುಕೊಂಡಿದ್ದ. ನಾನು ಅದುವರೆಗೆ ಟೈಪ್ ಮಾಡಿದ್ದನ್ನಷ್ಟೇ ನೋಡಿದ್ದೆ.

ನಾಲ್ಕು ಗಂಟೆಯ ಸಾಲು ಒಂದು ರೀತಿ ಇತ್ತು. ಅದರ ಕೆಳಗೆ ಐದು, ಆರು, ಏಳು. ಮೂರಕ್ಕೂ ಒಂದೇ ಓಟದ ಬರಹ, ಒಂದೇ ಒತ್ತು. ಹದಿನೆಂಟು, ಹದಿನೆಂಟು, ಹದಿನೆಂಟು. ಏಳರ ಅಂಕಿಯ ನಡುವೆ ಅಡ್ಡಗೆರೆ. ಒಂದಕ್ಕೂ ಏಳಕ್ಕೂ ಗೊಂದಲವಾಗಬಾರದೆಂದು ಆ ಗೆರೆ ಹಾಕುವುದನ್ನು ನಾನೇ ನಿನ್ನ ಕೈ ಹಿಡಿದು ಕಲಿಸಿದ್ದೆ, ಇದೇ ಮನೆಯ ಪಡಸಾಲೆಯಲ್ಲಿ.

"ಮೇಡಂ, ನೀವೇ ಹೇಳ್ರಿ" ಅಂದ. "ಇದು ನೋಡಿ ಬರ್ದಿದ್ದೋ, ಒಂದ ಸಲಕ್ಕ ಕುಂತು ಬರ್ದಿದ್ದೋ?"

ನಾನು ಏನೆಂದೆ ಗೊತ್ತೇ? "ಫೋಟೋ ನಿಚ್ಚಳ ಇಲ್ಲಪ್ಪಾ. ಇದರ ಮ್ಯಾಲ ಏನೂ ಹೇಳಾಕ ಬರಂಗಿಲ್ಲ."

ಫೋಟೋ ಕನ್ನಡಿಯ ಹಾಗೆ ನಿಚ್ಚಳವಿತ್ತು. ಅವನಿಗೂ ಗೊತ್ತು. ಮೊಬೈಲು ಜೇಬಿಗಿಟ್ಟ. "ಆತ್ರಿ ಮೇಡಂ" ಅಂದು ಹೋದ. ನಿನ್ನ ಹೆಸರು ಎತ್ತಲೇ ಇಲ್ಲ.

ಇಪ್ಪತ್ತೆರಡು ವರ್ಷ ಎಷ್ಟು ಮಕ್ಕಳಿಗೆ ಪಾಠ ಹೇಳಿದೆನೋ, ಎಲ್ಲಾ ಆ ಒಂದು ಮಾತಿನಲ್ಲಿ ಅಳಿಸಿಹೋಯಿತು. ನೀನು "ಬರೆದಿದ್ದೇನೆ" ಎಂದು ಬರೆದೆ, ನಾನು "ನೋಡಿದ್ದೇನೆ" ಎಂದು ಓದಿಕೊಂಡೆ. ಹದಿನೆಂಟು ಎಂಬುದನ್ನು ನಿನ್ನ ಕೈಬರಹದಲ್ಲಿ ಓದಿದಾಗಲೇ ನನ್ನ ಮೈ ತಣ್ಣಗಾಗಬೇಕಿತ್ತು. ಆಗಲಿಲ್ಲ, ಯಾಕೆಂದರೆ ನನಗೆ ನಿನ್ನ ಉಸಿರು ಬೇಕಿತ್ತು, ಅವಳದಲ್ಲ.

ಈಗ ನಾನು ಹೇಳುವಂತೆ ಕೇಳು. ಸುಮ್ಮನಿರು. ರಾಜೀನಾಮೆ ಕೊಟ್ಟು ಮನೆಗೆ ಬಂದುಬಿಡು. ಬಾಯಿ ಬಿಟ್ಟರೆ ನಿನ್ನ ರಿಜಿಸ್ಟ್ರೇಷನ್ ಹೋಗುತ್ತದೆ, ಪೊಲೀಸರು ಬರುತ್ತಾರೆ, ಪೇಪರಿನಲ್ಲಿ ಹೆಸರು ಬರುತ್ತದೆ. ಹುಲಿಗೇಶನಿಗೆ ಬೇರೆ ಕಡೆ ಕೆಲಸ ಕೊಡಿಸುತ್ತೇನೆ, ಕಾಲಿಗೆ ಬಿದ್ದಾದರೂ ಕೊಡಿಸುತ್ತೇನೆ. ನಿನ್ನ ಅಬ್ಬಾ ಹೋದ ದಿನ ನಿನ್ನನ್ನು ಎತ್ತಿಕೊಂಡು ಬಂದ ಈ ಕೈಗಳಿಂದ ನಿನ್ನನ್ನು ಯಾರಿಗೂ ಒಪ್ಪಿಸಲಾರೆ. ನಾನು ಮಾಡುತ್ತಿರುವುದು ತಪ್ಪು ಎಂದು ಗೊತ್ತು. ನನಗೆ ಪಾಠ ಹೇಳಬೇಡ.

ಒಂದೇ ಒಂದು ಮಾತು ಬರೆ. ಆ ಮೂರು ಸಾಲು ಎಷ್ಟು ಗಂಟೆಗೆ ಬರೆದೆ?

ಅಮ್ಮ


ಕುರುಗೋಡು
12 ಅಕ್ಟೋಬರ್ 2023

ಅಮ್ಮಾ,

ನಾಲ್ಕೂವರೆಗೆ.

ನಾಲ್ಕಕ್ಕೆ ನಿಜವಾಗಿ ಎಣಿಸಿದೆ. ಕೈ ನಾಡಿಯ ಮೇಲೆ, ಕಣ್ಣು ಎದೆಯ ಮೇಲೆ, ಪೂರ್ತಿ ಒಂದು ನಿಮಿಷ. ಅವಳು ಕೂಸಿನ ಮಾತು ಆಡುತ್ತಿದ್ದಳು. "ಅಕ್ಕಾರ, ಅದಕ್ಕ ನಾ ಇಲ್ಲಂದ್ರ ನಿದ್ದಿ ಬರಂಗಿಲ್ರಿ" ಅಂದಳು. ನಾಲ್ಕೂವರೆಗೆ ಮಿಲ್ಲಿನ ಬೆಲ್ಟಿಗೆ ಕೈ ಸಿಕ್ಕ ಹಮಾಲಿಯನ್ನು ತಂದರು. ಡಾಕ್ಟರು ಕೂಗಿದರು. ಮತ್ತೆ ಬರೆಯಲು ಸಮಯ ಸಿಗುವುದಿಲ್ಲವೆಂದು ಮೂರು ಸಾಲೂ ತುಂಬಿಸಿಟ್ಟು ಓಡಿದೆ. ನಡುವೆ ಹೋಗಿ ನೋಡಿಬಂದರಾಯಿತು ಎಂದುಕೊಂಡೆ. ಇಲ್ಲಿ ಎಲ್ಲರೂ ಹಾಗೆಯೇ ಮಾಡುತ್ತಾರೆ. ನಾನೂ ಅದೇ ಮೊದಲ ಸಲವೇನಲ್ಲ, ಅಮ್ಮಾ.

ಆರು ಗಂಟೆಗೆ ಹತ್ತಿ ತರಲು ಅವಳ ಬಾಗಿಲ ಮುಂದೆಯೇ ಓಡಿದೆ. ಒಳಗೆ ನೋಡಿದೆ. ಕಣ್ಣು ಮುಚ್ಚಿಕೊಂಡಿದ್ದಳು. ಪಾಪ, ನಿದ್ದೆ ಹತ್ತಿದೆ ಎಂದುಕೊಂಡೆ. ಅದು ನಿದ್ದೆಯಲ್ಲ. ರೆಪ್ಪೆ ಬಿದ್ದಿತ್ತು. ಎರಡು ಹೆಜ್ಜೆ ಒಳಗಿಟ್ಟು "ಸುನಂದಾ" ಎಂದಿದ್ದರೆ ಸಾಕಿತ್ತು. ಎರಡು ಗಂಟೆ ಸಿಗುತ್ತಿತ್ತು ಅವಳಿಗೆ.

ನಿನಗೆ ಹೇಳಲಾಗಲಿಲ್ಲ. ಬೇರೆ ಯಾವ ತಾಯಿಗಾದರೂ ಹೇಳುತ್ತಿದ್ದೆನೋ ಏನೋ. ಅಬ್ಬಾನ ಹಾಳೆ ಎದೆಗೆ ಒತ್ತಿಕೊಂಡಿರುವ ನಿನಗೆ ಹೇಗೆ ಹೇಳಲಿ? ಆದರೆ ಎಂಟನೇ ತಾರೀಖಿನ ನಿನ್ನ ಕಾಗದ ಓದಿ ಬೇರೆ ಭಯ ಶುರುವಾಯಿತು. ನೀನೇ ಸುಳ್ಳು ಹೇಳಬಲ್ಲೆಯಾದರೆ ನಾನು ಇನ್ನು ಯಾರ ಕಾಗದ ನಂಬಲಿ?

ಇವತ್ತು ಬೆಳಿಗ್ಗೆ ಕುರುಗೋಡಿಗೆ ಬಂದೆ. ಹುಲಿಗೇಶಣ್ಣ ಅವನ ಸೋದರಮಾವನ ಒಣಮೆಣಸಿನಕಾಯಿ ಅಂಗಡಿಯಲ್ಲಿ ಚೀಲ ಹೊಲಿಯುತ್ತಿದ್ದ. ಎಲ್ಲಾ ಹೇಳಿದೆ. ಸೂಜಿ ನಿಲ್ಲಿಸದೆ ಕೇಳಿದ. ಕೊನೆಗೆ ಒಂದೇ ಪ್ರಶ್ನೆ ಕೇಳಿದ. "ಮೇಡಮ್ಮಗ ಗೊತ್ತಾಗಿತ್ತೇನವಾ?"

ಇಲ್ಲ ಎನ್ನಬಹುದಿತ್ತು. ನಿನ್ನನ್ನು ಉಳಿಸಬಹುದಿತ್ತು. "ಗೊತ್ತಾಗಿತ್ತಣ್ಣಾ" ಅಂದೆ.

ಅವನು ಸೂಜಿ ಕೆಳಗಿಟ್ಟ. "ಕೆಲಸ ಹ್ವಾದಾಗೂ ಇಷ್ಟು ಸಂಕಟ ಆಗಿರ್ಲಿಲ್ಲ ಬಿಡು" ಅಂದು ಒಳಗೆ ಹೋದ.

ಅದೇ ಅಂಗಡಿಯ ಕಟ್ಟೆಯ ಮೇಲೆ ಕೂತು ಮೂರು ಕಾಗದ ಬರೆದಿದ್ದೇನೆ. ಒಂದು ದೊಡ್ಡ ಡಾಕ್ಟರಿಗೆ, ಒಂದು ನರ್ಸಿಂಗ್ ಕೌನ್ಸಿಲಿಗೆ, ಒಂದು ಚನ್ನವೀರಮ್ಮನವರಿಗೆ. ಈ ನಾಲ್ಕನೆಯದು ನಿನಗೆ. ಇದು ನಿನ್ನ ಕೈ ಸೇರುವಷ್ಟರಲ್ಲಿ ಆ ಮೂರೂ ಸೇರಿರುತ್ತವೆ. ತಡೆಯಲು ಬರಬೇಡ.

ಶಬನಂ


ಸತ್ಯನಾರಾಯಣಪೇಟೆ
29 ಅಕ್ಟೋಬರ್ 2023

ಶಬ್ಬೂ,

ಒಂದು ವಾರ ನಿನ್ನ ಮೇಲೆ ಕೆಂಡ ಕಾರಿದೆ. ನಿನ್ನ ತಪ್ಪು ಹೇಳಿಕೊಂಡೆ, ಸರಿ. ನನ್ನದನ್ನು ಯಾಕೆ ಹೇಳಿದೆ ಎಂದು ಗೋಡೆಯ ಹತ್ತಿರ ಜಗಳವಾಡಿದೆ. ಎರಡನೇ ವಾರ ಗೋಡೆಯೂ ಬೇಜಾರು ಮಾಡಿಕೊಂಡಿತು.

ಸೋಮವಾರ ಕುರುಗೋಡಿಗೆ ಹೋದೆ. ಹುಲಿಗೇಶ್ ಎದ್ದು ನಿಂತ, ಕುರ್ಚಿ ಕೊಟ್ಟ, ಚಹಾ ತರಿಸಿದ. ತಾನು ಮಾತ್ರ ಕೂಡಲಿಲ್ಲ. "ತಪ್ಪಾತಪ್ಪಾ" ಅಂದೆ. ಅವನು "ಚಾ ಆರ್ತೈತ್ರಿ ಮೇಡಂ" ಅಂದ. ಕ್ಷಮಿಸಿದ್ದೇನೆ ಎನ್ನಲಿಲ್ಲ. ಅನ್ನಬೇಕೆಂದೂ ಇಲ್ಲ. ನಾನು ಕೊಟ್ಟ ಅಭಿಪ್ರಾಯ ಹಿಂದಕ್ಕೆ ತೆಗೆದುಕೊಂಡ ಪತ್ರ, ಯಾಕೆ ಎಂಬುದನ್ನೂ ಬರೆದದ್ದು, ಅವನ ಕೈಗೆ ಒಂದು ಪ್ರತಿ ಕೊಟ್ಟು ಬಂದೆ. ಅವನನ್ನು ಮತ್ತೆ ಕರೆದಿದ್ದಾರಂತೆ, ಅವನು ಹೋಗುವುದಿಲ್ಲವಂತೆ.

ನಮ್ಮ ಪ್ರಿನ್ಸಿಪಾಲರಿಗೂ ಹೇಳಿದೆ. ಈ ವರ್ಷ ಪರೀಕ್ಷಕರ ಪಟ್ಟಿಯಿಂದ ನನ್ನ ಹೆಸರು ತೆಗೆದರು. ಕ್ಲಾಸು ಉಳಿಸಿದ್ದಾರೆ. ಸ್ಟಾಫ್ ರೂಮಿಗೆ ನಾನು ಹೋದರೆ ಮಾತು ನಿಲ್ಲುತ್ತದೆ.

ಸುನಂದಾಳನ್ನು ಮೊನ್ನೆ ಸಿರಿಗೇರಿಗೆ ಕಳಿಸಿದರು. ಇನ್ನು ಆಸ್ಪತ್ರೆಯಲ್ಲಿ ಮಾಡುವಂಥದ್ದೇನೂ ಇಲ್ಲವಂತೆ. ಮಗ್ಗಲು ಬದಲಿಸಬೇಕು, ಗಂಜಿ ಗಂಟಲಿಗೆ ಸಿಗದ ಹಾಗೆ ಕುಡಿಸಬೇಕು, ಎದೆಯಲ್ಲಿ ಕಫ ಕಟ್ಟಿದರೆ ಗೊತ್ತಾಗಬೇಕು. ಚನ್ನವೀರಮ್ಮನಿಗೆ ಇದೆಲ್ಲ ಯಾರು ಹೇಳಿಕೊಡುತ್ತಾರೋ.

ಮನೆಗೆ ಬಾ ಎನ್ನುವುದಿಲ್ಲ. ಡಬ್ಬಿ ಕಳಿಸುತ್ತೇನೆ, ಬೇಡ ಎನ್ನಬೇಡ.

ಅಮ್ಮ


ಸಿರುಗುಪ್ಪ
10 ಡಿಸೆಂಬರ್ 2023

ಅಮ್ಮಾ, ಅಸ್ಸಲಾಮು ಅಲೈಕುಂ.

ಕೆಲಸದಿಂದ ತೆಗೆದರು. ಕೌನ್ಸಿಲಿನವರು ವಿಚಾರಣೆ ಮುಗಿಯುವವರೆಗೆ ನರ್ಸ್ ಎಂದು ಎಲ್ಲೂ ಕೆಲಸ ಮಾಡಬಾರದು ಎಂದಿದ್ದಾರೆ. ಪೊಲೀಸರು ಎರಡು ಸಲ ಹೇಳಿಕೆ ಬರೆಸಿಕೊಂಡರು. ನಾನು ರೂಮು ಬಿಟ್ಟಿಲ್ಲ. ಮಿಲ್ಲಿನವರ ಮಕ್ಕಳಿಗೆ ಸಂಜೆ ಟ್ಯೂಷನ್ ಹೇಳುತ್ತೇನೆ. ಬೆಳಿಗ್ಗೆ ಸಿರಿಗೇರಿ ಬಸ್ಸು ಹತ್ತುತ್ತೇನೆ.

ಮೊದಲ ನಾಲ್ಕು ದಿನ ಚನ್ನವೀರಮ್ಮ ಬಾಗಿಲು ಹಾಕಿಕೊಂಡರು. "ನನ್ನ ಸೊಸಿನ್ನ ಕೊಂದಾಕಿ ಮತ್ಯಾಕ ಬಂದೀ?" ಎಂದು ಓಣಿಯೆಲ್ಲ ಕೇಳುವ ಹಾಗೆ ಕೂಗಿದರು. ನಾನು ಹೊರಗೆ ಕೂತಿರುತ್ತಿದ್ದೆ. ಐದನೆಯ ದಿನ ಒಳಗಿನಿಂದ ಕೆಮ್ಮು ಕೇಳಿತು, ಗಂಜಿ ಗಂಟಲಿಗೆ ಸಿಕ್ಕಿದ ಕೆಮ್ಮು. ಬಾಗಿಲು ದಬ್ಬಿ ಒಳಗೆ ಹೋಗಿ ಅವಳನ್ನು ಎಬ್ಬಿಸಿ ಕೂರಿಸಿ ಬೆನ್ನು ತಟ್ಟಿದೆ. ಚನ್ನವೀರಮ್ಮ ಕೈಯಲ್ಲಿ ಬಟ್ಟಲು ಹಿಡಿದು ನೋಡುತ್ತಾ ನಿಂತಿದ್ದರು. ಕೆಮ್ಮು ನಿಂತ ಮೇಲೆ, "ಹ್ಯಾಂಗ ಕುಡಸ್ಬೇಕು, ಕುಡ್ಸಿ ತೋರ್ಸು" ಎಂದರು. ಅಂದಿನಿಂದ ಬಾಗಿಲು ಹಾಕುವುದಿಲ್ಲ. ನನ್ನ ಜೊತೆ ಮಾತೂ ಆಡುವುದಿಲ್ಲ.

ವಿಚಾರಣೆಯ ನೋಟಿಸಿನ ಜೊತೆ ನನ್ನ ಹಾಳೆಯ ನಕಲು ಬಂದಿದೆ. ಇನ್ನೊಂದು ಪ್ರತಿ ಮಾಡಿಸಿ ಡಬ್ಬಿಯ ತಳದಲ್ಲಿ ಇಟ್ಟಿದ್ದೇನೆ. ಮುಂದಿನ ವರ್ಷ ಹೊಸ ಬ್ಯಾಚಿಗೆ ಅಬ್ಬಾನ ಹಾಳೆಯ ಪಕ್ಕದಲ್ಲಿ ಇದನ್ನೂ ತೋರಿಸು. ಸುನಂದಾಳ ಹೆಸರು ಮುಚ್ಚು. ನನ್ನ ಸಹಿ ಮುಚ್ಚಬೇಡ.

ಶಬನಂ


ಸತ್ಯನಾರಾಯಣಪೇಟೆ
4 ಆಗಸ್ಟ್ 2024, ಭಾನುವಾರ

ಶಬ್ಬೂ,

ನಿನ್ನ ಕಾಗದಗಳು ಈಗ ಉದ್ದವಾಗುತ್ತಿವೆ. ಸುನಂದಾ ಕೂಸಿನ ಕೈಯಿಂದ ಬಿಸ್ಕೀಟು ಕಸಿದುಕೊಂಡಳೆಂದು ಬರೆದೆಯಲ್ಲ, ಅದನ್ನು ಮೂರು ಸಲ ಓದಿದೆ. ಗುರುತು ಹಿಡಿದಳೋ ಇಲ್ಲವೋ, ಜಗಳವಾದರೂ ಆಡಿದಳಲ್ಲ.

ಗುರುವಾರ ಹೊಸ ಬ್ಯಾಚು ಬಂತು. ಎರಡೂ ಹಾಳೆ ತೆಗೆದುಕೊಂಡು ಹೋಗಿದ್ದೆ. ನಿನ್ನ ಅಬ್ಬಾನದು ತೋರಿಸಿದೆ, ಪ್ರತಿವರ್ಷ ಹೇಳುವಷ್ಟೂ ಹೇಳಿದೆ. ನಿನ್ನದು ಫೈಲಿನಲ್ಲೇ ಇತ್ತು. ತೆಗೆಯಲು ಕೈ ಹೋಗಲಿಲ್ಲ. ಗಂಟೆ ಹೊಡೆಯಲು ಹತ್ತು ನಿಮಿಷವಿತ್ತು. ಹೊಡೆದುಬಿಡಲಿ ಎಂದು ಕಾದೆ, ನಿನಗೇಕೆ ಸುಳ್ಳು ಹೇಳಲಿ. ಆಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಮೇಡಂ, ಇದು ಹಳೇ ಕಾಲದ್ದಲ್ರಿ? ಈಗ ಹಂಗ ಯಾರು ಬರೀತಾರ್ರಿ?"

ತೆಗೆದೆ. ಗೋಡೆಗೆ ಹಚ್ಚಿದೆ. ಐದು, ಆರು, ಏಳು ಗಂಟೆಯ ಸಾಲು ಓದಿದೆ. ಎಷ್ಟು ಗಂಟೆಗೆ ಬರೆದದ್ದೆಂದು ಹೇಳಿದೆ. ಆರು ಗಂಟೆಗೆ ಬಾಗಿಲ ಮುಂದೆ ಓಡಿದ್ದನ್ನೂ, ರೆಪ್ಪೆಯನ್ನೂ ಹೇಳಿದೆ. ಆ ಹಾಳೆ ನನ್ನೆದುರು ಬಂದಾಗ ನಾನು ಏನು ಸುಳ್ಳು ಹೇಳಿದೆ ಎಂಬುದನ್ನೂ ಹೇಳಿದೆ. ಇಡೀ ಕ್ಲಾಸು ತಲೆ ತಗ್ಗಿಸಿತ್ತು. ಆ ಹುಡುಗಿ ಮಾತ್ರ ಹಾಳೆಯ ಹತ್ತಿರ ಬಂದು ಸಹಿ ಓದಿದಳು, ನನ್ನ ಮುಖ ನೋಡಿದಳು. ಮೆಲ್ಲಗೆ ಕೇಳಿದಳು, "ಈ ಸಿಸ್ಟರ್ ಈಗ ಎಲ್ಲದಾರ್ರಿ ಮೇಡಂ?"

ಹನ್ನೊಂದೂವರೆ ಆಗಿತ್ತು. ನೀನು ಸಿರಿಗೇರಿಯಲ್ಲಿರುವ ಹೊತ್ತು.

"ಆ ಪೇಷಂಟ್ ಮಗ್ಗಲದಾಗ ಕುಂತಾಳವಾ" ಅಂದೆ. "ಉಸಿರು ಎಣಸಾಕತ್ಯಾಳ."

ಡಬ್ಬಿಯಲ್ಲಿ ಗಂಜಿಗೆ ರಾಗಿಹಿಟ್ಟು ಹುರಿದು ಇಟ್ಟಿದ್ದೇನೆ, ಅದು ಸುನಂದಾಗೆ. ರೊಟ್ಟಿ ನಿನಗೆ. ಚಟ್ನಿಪುಡಿ ಚನ್ನವೀರಮ್ಮನಿಗೆ, ಯಾರು ಕಳಿಸಿದ್ದೆಂದು ಅವರೇ ಕೇಳಿದರೆ ಮಾತ್ರ ಹೇಳು.

ನಿನ್ನ ಅಮ್ಮ,
ಹಮೀದಾಬಿ